ಹತ್ತೊಂಬತ್ತು ದಿನದ ವೈ-ಫೈ ವನವಾಸ

ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು. ವೈ-ಫೈ ಇತ್ತು. ಗಂಡನೂ ಇದ್ದರು. ಆದರೆ ಹೋದ ವರ್ಷ ದಸರಾದಿಂದ ದೀಪಾವಳಿಯವರೆಗೆ, ಬರೋಬ್ಬರಿ ಹತ್ತೊಂಬತ್ತು ದಿನ, ಈ ಮೂವರಲ್ಲಿ ಯಾರೂ ಇನ್ನೊಬ್ಬರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಗ ಈ ಅಂಕಣವನ್ನು ನಾನು ಎಲ್ಲಿ ಕೂತು ಬರೆಯುತ್ತಿದ್ದೆ ಗೊತ್ತೇ? ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ. ಆ ವಾರಗಳ ಬರಹ ಸ್ವಲ್ಪ ಖಾರವಾಗಿತ್ತು ಎಂದು ಒಂದಿಬ್ಬರು ಓದುಗರು ಹೇಳಿದ್ದರು. ಖಾರವಾಗದೆ ಏನಾಗುತ್ತದೆ? ಮೂಗಿನ ಕೆಳಗೆ ಮನೆಯವರೆಲ್ಲರ ಚಪ್ಪಲಿ ಇಟ್ಟುಕೊಂಡು ನೀವೇ ಒಂದು ಪುಟ ಬರೆದು ನೋಡಿ.

ಕಾರಣವನ್ನು ಒಂದು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಹೋದ ವಾರ ಆಯುಧ ಪೂಜೆಯ ದಿನ ಒಂದು ಘಟನೆ ಆಯಿತು. ಇನ್ನು ಸುಮ್ಮನಿರಲು ನನ್ನಿಂದಾಗದು.

ಮೊದಲು ನಮ್ಮವರ ಪರಿಚಯ. (ಹಳೆಯ ಓದುಗರು ಈ ಪ್ಯಾರಾ ಹಾರಿಸಬಹುದು. ಹಾರಿಸುವುದಿಲ್ಲ ಎಂದು ನನಗೆ ಗೊತ್ತು.) ಉಡುಪಿ ಕಡೆಯವರು. ಊರವರೆಲ್ಲ ಮುಂಬಯಿಗೆ ಬಂದು ಹೋಟೆಲು ಸೇರಿದರೆ ಇವರು ವಿಕ್ರೋಳಿಯ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಸೇರಿ, ಮೂವತ್ತೇಳು ವರ್ಷ ಮೆಂಟೆನೆನ್ಸ್ ವಿಭಾಗದಲ್ಲೇ ಇದ್ದು, ಫೋರ್‌ಮನ್ ಆಗಿ ಹೋದ ವರ್ಷ ಮೇ ತಿಂಗಳಲ್ಲಿ ನಿವೃತ್ತರಾದರು. ಕೆಟ್ಟ ಮಿಷನ್ ಎಂಬುದು ಲೋಕದಲ್ಲೇ ಇಲ್ಲ, ಸರಿ ಮಾಡಲು ಬಾರದ ಮನುಷ್ಯರಿದ್ದಾರೆ ಅಷ್ಟೇ ಎಂಬುದು ಅವರ ಸಿದ್ಧಾಂತ. ನಮ್ಮ ಮನೆಯ ಮಿಕ್ಸಿಗೆ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು.

ಕಾರ್ಖಾನೆ ಬಿಟ್ಟರೂ ಕಾರ್ಖಾನೆಯ ಎರಡು ಚಾಳಿ ಬಿಡಲಿಲ್ಲ. ಒಂದು, ಬ್ರೇಕ್‌ಡೌನ್ ರಿಜಿಸ್ಟರ್. ಮನೆಯಲ್ಲಿ ಏನು ಕೆಟ್ಟರೂ, ನಲ್ಲಿ ಸೋರಿದರೂ, ಅದರಲ್ಲಿ ಬರೆಯುತ್ತಾರೆ: ದಿನ, ದೋಷ, ಮಾಡಿದ ಕೆಲಸ, ಅಟೆಂಡೆಡ್ ಬೈ, ರಿಮಾರ್ಕ್ಸ್. ಅಟೆಂಡೆಡ್ ಬೈ ಎಂಬ ಕಾಲಮ್ಮಿನಲ್ಲಿ ಪುಟದ ಮೇಲಿನಿಂದ ಕೆಳಗಿನವರೆಗೆ ಒಂದೇ ಮಾತು: ಸ್ವತಃ. ಎರಡನೆಯದು, ಇನ್‌ಸ್ಪೆಕ್ಷನ್. ನಾನು ಅಂಕಣ ಬರೆದರೆ ಸಂಪಾದಕರಿಗೆ ಮೇಲ್ ಮಾಡುವುದು ಅವರು. ಸುಮ್ಮನೆ ಮಾಡುವುದಿಲ್ಲ. ಒಮ್ಮೆ ಪೂರ್ತಿ ಓದಿಯೇ ಮಾಡುತ್ತಾರೆ. ಚೆಕ್ ಆಗದೆ ಮಾಲು ಗೇಟಿನಿಂದ ಹೊರಗೆ ಹೋಗಬಾರದಂತೆ.

ಲ್ಯಾಪ್‌ಟಾಪ್ ಬಂದದ್ದು ಕಾರ್ಖಾನೆಯಿಂದಲೇ. ನಿವೃತ್ತಿಯ ದಿನ ಶಾಲು, ತೆಂಗಿನಕಾಯಿಯ ಜೊತೆ ಆಫೀಸಿನ ಹಳೆಯ ಲ್ಯಾಪ್‌ಟಾಪೊಂದನ್ನು ಕೊಟ್ಟರು. ಇಟ್ಟಿಗೆಯಂತೆ ದಪ್ಪ. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜುಮ್ಮೆನ್ನುತ್ತದೆ. ಆದರೂ ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ನಾನು ಬೆಡ್‌ರೂಮಿನ ಕಿಟಕಿಯ ಬಳಿ ಕೂತು ಬರೆಯುತ್ತಿದ್ದೆ, ವೈ-ಫೈ ಅಲ್ಲಿಗೆ ತಾನಾಗಿ ಬರುತ್ತಿತ್ತು. ದೇವರಂತೆ, ಎಲ್ಲಿಂದ ಬರುತ್ತದೆ ಎಂದು ಕೇಳುವ ಅಗತ್ಯವಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಸ್ಕ್ರೀನಿನ ಮೇಲೆ ಒಂದು ಸೂಚನೆ ಕಾಣಿಸತೊಡಗಿತು. ನಿಮ್ಮ ಈ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಸಿಗುವುದಿಲ್ಲ, ಹೊಸ ಸಿಸ್ಟಮ್ ಹಾಕಲು ಈ ಕಂಪ್ಯೂಟರು ಯೋಗ್ಯವಲ್ಲ ಎಂದು. ಇವರು ಕನ್ನಡಕ ಏರಿಸಿ ಎರಡೆರಡು ಸಲ ಓದಿದರು.

"ಮೇ ತಿಂಗಳಲ್ಲಿ ನನಗೂ ಇದೇ ಲೆಟರ್ ಕೊಟ್ಟದ್ದಲ್ವಾ ಮಾರಾಯ್ತಿ," ಎಂದರು.

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನಿವೃತ್ತಿಯ ನಂತರ ಅವರು ಬೆಳಿಗ್ಗೆ ಏಳೂಕಾಲಿಗೆ ತಯಾರಾಗಿ ಬಾಲ್ಕನಿಯಲ್ಲಿ ನಿಂತು, ಕಂಪನಿ ಬಸ್ ಹತ್ತುವವರನ್ನು ನೋಡುತ್ತಿದ್ದರು. ನನಗೆ ಕಂಡರೂ ಕಾಣದಂತೆ ಒಳಗೆ ಓಡಾಡುತ್ತಿದ್ದೆ. ಆದ್ದರಿಂದ ಈ ಲ್ಯಾಪ್‌ಟಾಪನ್ನು ಬಿಸಾಡುವುದಿಲ್ಲ, ಇದಕ್ಕೆ ಲಿನಕ್ಸ್ ಹಾಕುತ್ತೇನೆ ಎಂದು ಅವರು ಹೊರಟಾಗ ನಾನು ಬೇಡವೆನ್ನಲಿಲ್ಲ. ಲಿನಕ್ಸ್ ಅಂದರೆ ಬಿಟ್ಟಿ ಸಿಗುವ ಸಿಸ್ಟಮ್ ಅಂತೆ. ಎಷ್ಟೇ ಮುದಿ ಕಂಪ್ಯೂಟರನ್ನೂ ಎಬ್ಬಿಸಿ ಓಡಿಸುತ್ತದಂತೆ.

ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಬೇಡವೇ? ನವಮಿಯಂದು ಆಯುಧ ಪೂಜೆ. ವಿಜಯದಶಮಿಗೆ ಲಿನಕ್ಸ್ ಎಂದು ನಿಶ್ಚಯವಾಯಿತು.

ನಮ್ಮ ಮನೆಯಲ್ಲಿ ಆಯುಧ ಪೂಜೆ ಎಂದರೆ ಕಾರ್ಖಾನೆಯದ್ದೇ ಪದ್ಧತಿ. ಸ್ಪ್ಯಾನರ್, ಡ್ರಿಲ್, ಮಿಕ್ಸಿ, ವಾಷಿಂಗ್ ಮಷೀನ್, ಗ್ಯಾಸ್ ಲೈಟರ್, ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಗಂಧ, ಕುಂಕುಮ, ಒಂದು ಹೂವು. ಗಂಧ ತೇಯುವುದೂ ನಾನೇ, ಹಚ್ಚುವುದೂ ನಾನೇ. ನನ್ನ ಕೈ ಸ್ವಲ್ಪ ಧಾರಾಳ. ಹಚ್ಚಿದ ಗಂಧವನ್ನು ಆಮೇಲೆ ಒರೆಸುವಂತಿಲ್ಲ. ತಾನಾಗಿ ಒಣಗಿ ಉದುರಬೇಕು. ಮೂವತ್ತೇಳು ವರ್ಷ ಯಾವ ಮಿಷನಿನ ಗಂಧವನ್ನೂ ಒರೆಸಲು ಇವರು ಬಿಟ್ಟವರಲ್ಲ. ಲ್ಯಾಪ್‌ಟಾಪನ್ನೂ ಮುಚ್ಚಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೊಂದು ಬೊಟ್ಟು, ಮುಂದಿನ ಅಂಚಿಗೊಂದು ಬೊಟ್ಟು ಇಟ್ಟೆ.

ಮರುದಿನ ಲಿನಕ್ಸ್ ಬಂತು. ಅರ್ಧ ಗಂಟೆಯಲ್ಲಿ ಕೂತುಕೊಂಡಿತು. ಸ್ಕ್ರೀನ್ ಚಂದ, ಸ್ಪೀಡ್ ಚಂದ, ಕನ್ನಡ ಅಕ್ಷರ ಚಂದ. ವೈ-ಫೈ ಮಾತ್ರ ಇಲ್ಲ.

ಸಿಗ್ನಲ್ ಕಡಿಮೆ ಎಂದಲ್ಲ. ಈ ಕಂಪ್ಯೂಟರಿನಲ್ಲಿ ವೈ-ಫೈ ಎಂಬ ವಸ್ತುವೇ ಇಲ್ಲ ಎಂದು ಅದು ಖಡಾಖಂಡಿತವಾಗಿ ಹೇಳಿತು. ನಿನ್ನೆಯವರೆಗೆ ಇದ್ದದ್ದು ಎಲ್ಲಿಗೆ ಹೋಯಿತು?

ಇವರು ನನ್ನ ಫೋನ್ ಕಸಿದುಕೊಂಡು ಹುಡುಕಿದರು. ಲಿನಕ್ಸಿನಲ್ಲಿ ಇದು ಹಳೆಯ ಕಾಯಿಲೆಯಂತೆ. ವೈ-ಫೈ ಕಾರ್ಡಿಗೆ ಡ್ರೈವರ್ ಬೇಕು, ಅದು ಕಾರ್ಡನ್ನು ನಡೆಸುವ ಸಣ್ಣ ಪ್ರೋಗ್ರಾಮು. ಡ್ರೈವರ್ ಎಲ್ಲಿ ಸಿಗುತ್ತದೆ? ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಹೇಗೆ ಬರುತ್ತದೆ? ಡ್ರೈವರ್ ಹಾಕಿದರೆ. ಮದುವೆಯಾಗಿ ಮುಂಬಯಿಗೆ ಬಂದಾಗ ರೇಷನ್ ಕಾರ್ಡಿಗೆ ಗ್ಯಾಸಿನ ಬಿಲ್ ಕೇಳಿದ್ದರು, ಗ್ಯಾಸಿಗೆ ರೇಷನ್ ಕಾರ್ಡ್ ಕೇಳಿದ್ದರು. ಆ ಅಧಿಕಾರಿಯೇ ರಿಟೈರ್ ಆಗಿ ಲಿನಕ್ಸ್ ಬರೆದಿರಬೇಕು.

ಅಂಕಣದ ದಿನ ಹತ್ತಿರ ಬರುತ್ತಿತ್ತು. ಇವರು ಹೋಗಿ ಹಳದಿ ಬಣ್ಣದ ಉದ್ದನೆಯ ಇಂಟರ್ನೆಟ್ ವಯರೊಂದನ್ನು ತಂದರು. ನಮ್ಮ ರೌಟರ್ ಇರುವುದು ಮುಂಬಾಗಿಲಿನ ಮೇಲೆ. ಅಲ್ಲಿಂದ ವಯರು ಇಳಿದು ಚಪ್ಪಲಿ ಸ್ಟ್ಯಾಂಡಿನ ತನಕ ಬಂತು. ಅದಕ್ಕಿಂತ ಒಳಗೆ ತಂದರೆ ಓಡಾಡುವಾಗ ಕಾಲಿಗೆ ಸಿಕ್ಕಿ ನಾನು ಬೀಳುತ್ತಿದ್ದೆ. (ಎರಡು ಸಲ ಬಿದ್ದ ಮೇಲೆ ಹೇಳುತ್ತಿದ್ದೇನೆ.)

ಹೀಗೆ ನಾನು ಬಾಗಿಲಿಗೆ ಬಂದೆ. ಸೆಕೆಗೆ ಬಾಗಿಲು ತೆರೆದೇ ಇಡಬೇಕು. ಲಿಫ್ಟಿನಿಂದ ಇಳಿದವರೆಲ್ಲ ನನ್ನನ್ನು ವಾಚ್‌ಮನ್ನನ್ನು ನೋಡಿದಂತೆ ನೋಡಿ ಹೋಗುತ್ತಿದ್ದರು. ಎದುರು ಮನೆಯ ಸಾವಂತ್ ವಹಿನಿ (ವಹಿನಿ ಎಂದರೆ ಅತ್ತಿಗೆ) ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ತಗ್ಗಿದ ದನಿಯಲ್ಲಿ, ಮನೆಯಲ್ಲಿ ಜಗಳವೇ, ಬೇಕಾದರೆ ನಮ್ಮ ಮನೆಯಲ್ಲಿ ಬಂದು ಕೂತುಕೊಳ್ಳಿ ಎಂದು ಮರಾಠಿಯಲ್ಲಿ ಕರೆದರು. ಜಗಳವಲ್ಲ ವಹಿನೀ, ಲಿನಕ್ಸ್ ಎಂದೆ. ಅದು ಯಾವುದೋ ಗಂಡಸರ ಕಾಯಿಲೆ ಎಂದುಕೊಂಡರೋ ಏನೋ, ಮತ್ತೆ ಕೇಳಲಿಲ್ಲ.

ವಯರಿನಲ್ಲಿ ಇಂಟರ್ನೆಟ್ ಬಂತಲ್ಲ, ಇವರು ಸಿಕ್ಕಸಿಕ್ಕ ಡ್ರೈವರುಗಳನ್ನೆಲ್ಲ ತುಂಬಿಸಿದರು. ಲಿನಕ್ಸಿನಲ್ಲಿ ಒತ್ತಿ ಮಾಡುವ ಕೆಲಸ ಕಡಿಮೆ, ಬರೆದು ಮಾಡುವ ಕೆಲಸ ಜಾಸ್ತಿ. ಕಪ್ಪು ಕಿಟಕಿಯಲ್ಲಿ ಉದ್ದುದ್ದ ಆಜ್ಞೆ ಬರೆಯಬೇಕು. ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಹೊಡೆದರೆ ಏನೂ ಕಾಣಿಸುವುದಿಲ್ಲ, ಒಂದು ಚುಕ್ಕೆಯೂ ಇಲ್ಲ. ಕೀಬೋರ್ಡೂ ಹೋಯಿತು ಎಂದು ಇವರು ಒಂದು ಮಧ್ಯಾಹ್ನವಿಡೀ ಕೀಬೋರ್ಡ್ ಬಿಚ್ಚಿ ಬ್ರಷ್ ಹೊಡೆದರು. ಆಮೇಲೆ ತಿಳಿಯಿತು, ಅದು ಹಾಗೆಯೇ ಅಂತೆ. ಮರ್ಯಾದೆಗೆ ತೋರಿಸುವುದಿಲ್ಲವಂತೆ.

ಇಂಟರ್ನೆಟ್ಟಿನ ಚರ್ಚಾಕಟ್ಟೆಯೊಂದರಲ್ಲಿ ಇದೇ ಲ್ಯಾಪ್‌ಟಾಪಿಗೆ ಇದೇ ತೊಂದರೆಯಾದವನೊಬ್ಬ ಸಿಕ್ಕಿದ. ಎಂಟು ವರ್ಷದ ಹಿಂದೆ ಬರೆದಿದ್ದ. ಇವರು ಉಸಿರು ಬಿಗಿಹಿಡಿದು ಕೆಳಗೆ ಕೆಳಗೆ ಹೋದರು. ಕೊನೆಯಲ್ಲಿ ಅವನದೇ ಒಂದು ಸಾಲು: ಸರಿಯಾಯಿತು, ಎಲ್ಲರಿಗೂ ಥ್ಯಾಂಕ್ಸ್. ಹೇಗೆ ಸರಿಯಾಯಿತು? ಅದನ್ನು ಬರೆದಿರಲಿಲ್ಲ. ನಮ್ಮವರು ಬೈಯುವವರಲ್ಲ. ಅವತ್ತು ತುಳುವಿನಲ್ಲಿ ಏನೋ ಅಂದರು. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಎಂಟನೆಯ ದಿನ ಅವರು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ವೈ-ಫೈ ಕಾರ್ಡನ್ನೇ ಹೊರಗೆ ತೆಗೆದರು. ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು. ಹತ್ತಿಯಲ್ಲಿ ಸುತ್ತಿ ನನ್ನ ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಂಗಿಯ ಜೇಬಿನಲ್ಲಿಟ್ಟು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒಂದು ಕೈ ಎದೆಯ ಮೇಲಿಟ್ಟುಕೊಂಡು ಧಾರಾವಿಗೆ ಹೋದರು. ಎದೆ ನೋವಾ ಎಂದು ಯಾರೋ ಎದ್ದು ಸೀಟು ಕೊಟ್ಟರಂತೆ.

ಧಾರಾವಿಯಲ್ಲಿ ಬಸವರಾಜ ಇದ್ದಾರೆ. ಕಲಬುರಗಿ ಕಡೆಯವರು. ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು ಈಗ ಕಪಾಟಿನಷ್ಟು ಅಗಲದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾರೆ. ಅವರು ಕಾರ್ಡನ್ನು ತಮ್ಮ ಬೇರೊಂದು ಲ್ಯಾಪ್‌ಟಾಪಿಗೆ ಹಾಕಿದರು. ಕ್ಷಣದಲ್ಲಿ ವೈ-ಫೈ ಬಂತು.

"ಕಾರ್ಡಿಗೆ ಏನೂ ಆಗಿಲ್ರಿ ಸರ. ಚಲೋ ಐತಿ," ಎಂದರಂತೆ. "ಇಡೀ ಲ್ಯಾಪ್‌ಟಾಪ್ ತರ್ರಿ. ಐದು ಮಿನಿಟಿನ್ಯಾಗ ನೋಡಿ ಹೇಳ್ತೀನಿ."

ಆ ಒಂದು ಮಾತು ಕೇಳಿದ್ದರೆ ನನ್ನ ವನವಾಸ ಅಂದೇ ಮುಗಿಯುತ್ತಿತ್ತು. ಆದರೆ ಕಾರ್ಖಾನೆಯಲ್ಲಿ ಬೆಳೆದ ಜೀವ, ಕಾರ್ಡನ್ನು ಮನೆಗೆ ತಂದು ಇದ್ದಲ್ಲೇ ಮತ್ತೆ ಕೂರಿಸಿದರು. ಕೆಟ್ಟ ಪಾರ್ಟನ್ನು ಬಿಚ್ಚಿ ವರ್ಕ್‌ಶಾಪಿಗೆ ಒಯ್ಯಬೇಕು, ಮಿಷನ್ ಅಲ್ಲೇ ಇರಬೇಕು. ಅದು ಶಿಸ್ತು. ನಾನು ಎಷ್ಟು ಹೇಳಿದರೂ ಒಂದೇ ಉತ್ತರ: "ಮಿಷನನ್ನೇ ಹೊತ್ತುಕೊಂಡು ಹೋಗುದಾದ್ರೆ ಫಿಟ್ಟರ್ ಎಂತಕ್ಕೆ ಮಾರಾಯ್ತಿ?"

ಬಸವರಾಜರು ಇನ್ನೊಂದು ದಾರಿಯನ್ನೂ ಹೇಳಿದ್ದರು. ಬೆರಳಿನ ಉಗುರಿನಷ್ಟು ಸಣ್ಣ ವೈ-ಫೈ ಡಾಂಗಲ್ ಸಿಗುತ್ತದೆ, ಹೊರಗಿನಿಂದ ಚುಚ್ಚಿದರೆ ಕೆಲಸ ಮುಗಿಯಿತು. ಇವರು ಅದಕ್ಕೂ ಒಪ್ಪಲಿಲ್ಲ. ಒಳಗಿನ ಕಾರ್ಡ್ ಗಟ್ಟಿಮುಟ್ಟಾಗಿರುವಾಗ ಹೊರಗಿನವನನ್ನು ತಂದು ಅದರ ಕುರ್ಚಿಯಲ್ಲಿ ಕೂರಿಸುವುದು ಅನ್ಯಾಯವಂತೆ. ಇದು ಕಾರ್ಡಿನ ವಿಷಯವೋ ಇವರ ವಿಷಯವೋ?

ಅಷ್ಟರಲ್ಲಿ ಥಾಣೆಯಿಂದ ಮಗಳ ಫೋನ್. ಅಮ್ಮ ಚಪ್ಪಲಿ ಪಕ್ಕ ಕೂತು ಬರೆಯುವ ಫೋಟೋ ಅವಳಿಗೆ ತಲುಪಿತ್ತು. (ಕಳಿಸಿದ್ದು ನಾನೇ.) "ಪಪ್ಪಾ, ಬಸ್ ಹೋ ಗಯಾ. ಅದು ಓಲ್ಡ್ ಆಯ್ತು, ಭಂಗಾರ್‌ವಾಲಾಗೆ ಕೊಡಿ. ಪಾಡವಾ ದಿನ ನಾನು ಹೊಸದು ತರ್ತೀನಿ, ಡನ್," ಎಂದಳು.

ಭಂಗಾರ್ ಎಂದರೆ ಗುಜರಿ, ಪಾಡವಾ ಎಂದರೆ ಬಲಿಪಾಡ್ಯಮಿ, ಡನ್ ಎಂದರೆ ಅವಳದು ಡನ್ನೇ. ತಾಯಿಯ ಹಟ. ಇವರು ಫೋನ್ ಕೆಳಗಿಟ್ಟು ಸ್ಕ್ರೂಡ್ರೈವರ್ ಸೆಟ್ಟನ್ನು ಸಾಲಾಗಿ ಜೋಡಿಸಿ, ಮುಚ್ಚಳ ಹಾಕಿ, ಅಟ್ಟದ ಮೇಲಿಟ್ಟುಬಿಟ್ಟರು. ಆ ಸೆಟ್ಟು ಅಟ್ಟ ಹತ್ತಿದ್ದನ್ನು ಮದುವೆಯಾದಂದಿನಿಂದ ನಾನು ನೋಡಿರಲಿಲ್ಲ. ಅಯ್ಯೋ ಎನಿಸಿತು. ಫೋಟೋ ಕಳಿಸಿದ ಕೈಯನ್ನು ಕಡಿದುಕೊಳ್ಳಬೇಕು ಅನಿಸಿತು. ಇಷ್ಟು ದಿನ ನನಗೆ ಬೇಕಿದ್ದದ್ದು ವೈ-ಫೈ. ಅವತ್ತಿನಿಂದ ನನಗೆ ಬೇಕಾದದ್ದು, ಪಾಡವಾದ ಒಳಗೆ ಈ ಮನುಷ್ಯ ಆ ಲ್ಯಾಪ್‌ಟಾಪನ್ನು ಗೆಲ್ಲುವುದು.

ನರಕ ಚತುರ್ದಶಿಯ ಬೆಳಿಗ್ಗೆ. ಇವರು ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋಗಿದ್ದರು. ಮಗಳು ಬರುವುದರೊಳಗೆ, ಬರೆಯಲು ಆನ್ ಮಾಡಿಟ್ಟಿದ್ದ ಲ್ಯಾಪ್‌ಟಾಪನ್ನಾದರೂ ಚೊಕ್ಕ ಮಾಡೋಣ ಎಂದು ನಾನು ಒದ್ದೆ ಬಟ್ಟೆ ಹಿಡಿದೆ. ಮುಂದಿನ ಅಂಚಿನಲ್ಲಿ ಆಯುಧ ಪೂಜೆಯ ಗಂಧ ಗಟ್ಟಿಯಾಗಿ ಕೂತಿತ್ತು. ತಾನಾಗಿ ಉದುರಲಿ ಎಂದು ಕಾದರೆ ಮುಂದಿನ ದಸರಾ ಬರುತ್ತದೆ. ಉಗುರಿನಿಂದ ಕೆರೆದೆ.

ಗಂಧದ ಕೆಳಗೆ ಏನೋ ಟಕ್ ಎಂದು ಸರಿಯಿತು.

ಬಗ್ಗಿ ನೋಡಿದೆ. ಅಕ್ಕಿಕಾಳಿನಷ್ಟು ಸಣ್ಣ ಒಂದು ಸ್ವಿಚ್ಚು. ಪಕ್ಕದಲ್ಲಿ ಒಂದು ನೀಲಿ ದೀಪ ಹತ್ತಿಕೊಂಡಿತು. ಸ್ಕ್ರೀನಿನ ಮೇಲೆ ಬಿಲ್ಡಿಂಗಿನ ವೈ-ಫೈ ಹೆಸರುಗಳೆಲ್ಲ ಒಂದೊಂದಾಗಿ ಬಂದು ನಿಂತವು. ಸಾವಂತರದ್ದು, ಮೂರನೇ ಮಾಳಿಗೆಯ ಡಾಕ್ಟರದ್ದು, ಎಲ್ಲಕ್ಕಿಂತ ಮೇಲೆ ನಮ್ಮದು.

ಕಾರ್ಡೂ ಸರಿ, ಲಿನಕ್ಸೂ ಸರಿ. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಸ್ವಿಚ್ ಆಫ್ ಮಾಡಿದ್ದು ನಾನು. ಅದರ ಮೇಲೆ ಗಂಧ ಮೆತ್ತಿ ಸೀಲ್ ಮಾಡಿದ್ದೂ ನಾನು. ಹತ್ತೊಂಬತ್ತು ದಿನ ಬಾಗಿಲಲ್ಲಿ ಕೂತು ಗಂಡನನ್ನೂ ಲಿನಕ್ಸನ್ನೂ ಬೈದದ್ದೂ ನಾನೇ.

ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಆಗ ಒಂದು ವಿಷಯ ನೆನಪಾಗಿ ಬಾಯಿ ಮುಚ್ಚಿಕೊಂಡಿತು. ಮನೆಗೆ ಯಾರೇ ಊಟಕ್ಕೆ ಬಂದರೂ ಇವರು ಹೇಳುವ ಕಾರ್ಖಾನೆಯ ಕತೆಯೊಂದಿದೆ. ದೊಡ್ಡ ಮಿಷನ್ ನಿಂತಿತು, ಮೂವರು ಇಂಜಿನಿಯರುಗಳು ಡ್ರಾಯಿಂಗ್ ಹರಡಿಕೊಂಡು ಒಂದು ಶಿಫ್ಟ್ ಪೂರ್ತಿ ತಲೆ ಕೆಡಿಸಿಕೊಂಡರು, ಇವರು ಬಂದು ಒಂದೇ ಪ್ರಶ್ನೆ ಕೇಳಿದರು: ಸ್ವಿಚ್ ನೋಡಿದ್ರಾ? ಆ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಅವರು ಆ ಪ್ರಶ್ನೆಗೆ ಮೊದಲು ಒಂದು ಗುಟುಕು ನೀರು ಕುಡಿಯುತ್ತಾರೆ.

ಈಗ ನಾನು ಹೋಗಿ, ರೀ, ಸ್ವಿಚ್ ನೋಡಿದ್ರಾ ಎಂದರೆ ಆ ಜೀವ ಉಳಿಯುತ್ತದೆಯೇ?

ಬಚ್ಚಲಿನಲ್ಲಿ ನೀರು ನಿಂತ ಸದ್ದಾಯಿತು. ನಾನು ಸ್ವಿಚ್ಚನ್ನು ಮತ್ತೆ ಆಫ್ ಮಾಡಿದೆ. ದೀಪ ಆರಿತು.

ಇವರು ಹೊಸ ಅಂಗಿ ತೊಟ್ಟು ಬಂದರು. ಕೊನೆಗೊಮ್ಮೆ ನೋಡಿ ಎಂದು ನಾನೇ ಹೇಳಿದೆ. ನೋಡಿ ಆಯ್ತಲ್ಲ ಮಾರಾಯ್ತಿ ಎನ್ನುತ್ತಲೇ ಕೂತರು. ಕಪ್ಪು ಕಿಟಕಿ ತೆರೆದು, ಇಷ್ಟು ದಿನ ಹೊಡೆದ ಆಜ್ಞೆಯನ್ನೇ ಇನ್ನೊಮ್ಮೆ ನಿಧಾನವಾಗಿ ಹೊಡೆದರು. ನಾನು ಅವಲಕ್ಕಿಯ ತಟ್ಟೆ ಇಡುವ ನೆಪದಲ್ಲಿ ಬಗ್ಗಿದೆ. ಅವರ ಬೆರಳು ಎಂಟರ್ ಕೀಲಿಯ ಕಡೆಗೆ ಹೊರಟಿತು. ನನ್ನ ಬೆರಳೂ ಹೊರಟಿತು. ಟಕ್.

ನೀಲಿ ದೀಪ.

ಇವರು ಸ್ಕ್ರೀನ್ ನೋಡಿದರು. ನನ್ನನ್ನು ನೋಡಿದರು. ನಾನು ಅವಲಕ್ಕಿ ನೋಡಿದೆ. ಆಮೇಲೆ ಅವರೇ ಮಗಳಿಗೆ ಫೋನ್ ಮಾಡಿ, ಹೊಸದು ಬೇಡ, ಹಳೆಯದೇ ಓಡುತ್ತದೆ, ನೀನು ಬರಿಗೈಯಲ್ಲಿ ಊಟಕ್ಕೆ ಬಾ ಎಂದರು. ಅಟ್ಟದಿಂದ ಸ್ಕ್ರೂಡ್ರೈವರ್ ಸೆಟ್ ಇಳಿಯಿತು. ರಿಜಿಸ್ಟರ್ ತೆಗೆದು ಏನೋ ಬರೆದು ಮುಚ್ಚಿಟ್ಟರು. ಸ್ವತಃ ಎಂದು ಬರೆದಿರುತ್ತಾರೆ, ಬರೆಯಲಿ ಪಾಪ ಎಂದುಕೊಂಡೆ. ಗಂಡನ ಮಾನ ಉಳಿಸಿದೆ ಎಂಬ ಹೆಮ್ಮೆ ನನಗೆ. (ನಿಜ ಹೇಳಲೇ? ಜೊತೆಗೆ ನನ್ನದೂ ಉಳಿಯಿತು.)

ಒಂದು ವರ್ಷ ಆ ಹೆಮ್ಮೆಯಲ್ಲೇ ಇದ್ದೆ. ಲಿನಕ್ಸಿನಲ್ಲಿ ವೈ-ಫೈ ಹೇಗೆ ತಂದಿರಿ ಎಂದು ಯಾರಾದರೂ ಕೇಳಿದರೆ ಇವರು, ಒಂದು ಸಣ್ಣ ಅಡ್ಜಸ್ಟ್‌ಮೆಂಟ್ ಇತ್ತು ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಎಷ್ಟು ವಿನಯ ಎಂದುಕೊಳ್ಳುತ್ತಿದ್ದೆ. ಮೂವರು ಇಂಜಿನಿಯರುಗಳ ಸ್ವಿಚ್ಚಿನ ಕತೆಯನ್ನು ಅವರು ಆಮೇಲೆ ಯಾರಿಗೂ ಹೇಳಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಹೋದ ವಾರ ಮತ್ತೆ ಆಯುಧ ಪೂಜೆ. ಗಂಧದ ಬಟ್ಟಲು ಹಿಡಿದು ಲ್ಯಾಪ್‌ಟಾಪಿನ ಹತ್ತಿರ ಹೋದೆ. ಮುಂದಿನ ಅಂಚಿಗೆ ಉದ್ದಕ್ಕೂ ಸೆಲೋಟೇಪ್ ಅಂಟಿಸಿತ್ತು. ಇವರು ಬಂದು ಬಟ್ಟಲನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡರು.

"ಇದಕ್ಕೆ ನಾನು ಹಚ್ತೇನೆ. ನೀನು ಮಿಕ್ಸಿ ನೋಡು," ಎಂದರು.

ಹಾಗಾದರೆ ಇವರಿಗೆ ಗೊತ್ತೇ? ಮಧ್ಯಾಹ್ನ ಅವರು ಮಾಟುಂಗಕ್ಕೆ ಕನ್ನಡ ಸಂಘದ ಪೂಜೆಗೆ ಹೋದರು. ನಾನು ರಿಜಿಸ್ಟರ್ ತೆಗೆದು ಹೋದ ವರ್ಷದ ಪುಟ ಹುಡುಕಿದೆ. ಅಚ್ಚುಕಟ್ಟಾದ ಅಕ್ಷರ, ಒಂದೂ ಚಿತ್ತಿಲ್ಲ.

ದೋಷ: ವೈ-ಫೈ ಸ್ವಿಚ್ ಆಫ್. ಮೇಲೆ ಗಂಧ.

ಮಾಡಿದ ಕೆಲಸ: ಸ್ವಿಚ್ ಆನ್. ನಾನು ಎಂಟರ್ ಒತ್ತುವ ಮೊದಲೇ ದೀಪ ಬಂತು.

ಅಟೆಂಡೆಡ್ ಬೈ: ಮನೆಯವಳು.

ರಿಮಾರ್ಕ್ಸ್: ಗೊತ್ತಾಯಿತೆಂದು ಹೇಳುವುದು ಬೇಡ. ಬಹಳ ಖುಷಿಯಲ್ಲಿದ್ದಾಳೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು. ಕಣ್ಣಲ್ಲಿ ನೀರೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಆ ಕಾಲಮ್ಮಿನಲ್ಲಿ ಸ್ವತಃ ಅಲ್ಲದ ಮಾತು ಅದೊಂದೇ. ರಿಜಿಸ್ಟರನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇಟ್ಟು, ಸಂಜೆ ಅವರು ಬಂದಾಗ ಏನೂ ಆಗದವಳಂತೆ ಚಹಾ ಮಾಡಿಕೊಟ್ಟೆ. ಅವರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಾಗಿದೆ, ಅದು ಅವರಿಗೆ ಇನ್ನೂ ಗೊತ್ತಿಲ್ಲ.

ಈ ಬರಹ ಇಲ್ಲಿಗೆ ಮುಗಿಯಿತು. ಕಿಟಕಿಯ ಬಳಿ ಕೂತೇ ಬರೆದೆ, ವೈ-ಫೈ ಚೆನ್ನಾಗಿ ಬರುತ್ತಿದೆ. ಇವರು ಕನ್ನಡಕ ಒರೆಸಿಕೊಳ್ಳುತ್ತಾ ಈ ಕಡೆಗೇ ಬರುತ್ತಿದ್ದಾರೆ, ಎಂದಿನಂತೆ ಒಮ್ಮೆ ಪೂರ್ತಿ ಓದಿ ಮೇಲ್ ಮಾಡಲು.

ಬೇಗ ಹೇಳಿ, ಆ ಸೆಲೋಟೇಪ್ ಕಿತ್ತು ಸ್ವಿಚ್ಚನ್ನು ನಾನೇ ಆಫ್ ಮಾಡಿಬಿಡಲೇ?